ಚೆನ್ನೆಮಣೆಯಲ್ಲಿ ಕುದುರೆ ಲಸಿಕೆ: ಆಟಿಯ ಮೂರು ವಾರದ ಲೆಕ್ಕ

ಬೇಕಲದ ಕಡಲ ಬದಿಯಲ್ಲಿ ಕುದುರೆ ಸವಾರಿ ಮಾಡಿ ಬಂದ ತಂಗಿಯ ಮಗಳು, "ಮಾವ, ಕುದುರೆಗೂ ಪೋಲಿಯೋ ಹನಿಯ ಹಾಗಿದ್ದು ಉಂಟಾ?" ಎಂದು ಕೇಳಿದಳು. ಉಂಟು, ಜೀವಂತ ವೈರಸ್ಸನ್ನೇ ಬಲ ಕುಂದಿಸಿ ಕೊಡುತ್ತಾರೆ ಎಂದೆ. "ಬಲ ಕುಂದಿಸುವುದು ಹೇಗೆ?" ಅಲ್ಲಿಗೆ ನನ್ನ ಬಾಯಿ ಬಂದ್. ಪೆರ್ಲದ ಮನೆಯ ಅಟ್ಟದಿಂದ, ಗುಳಿಗಳಲ್ಲಿ ಕಾಳು ಹಂಚುತ್ತ ಆಡುವ ಚೆನ್ನೆಮಣೆ ಇಳಿದದ್ದು ಆ ಪ್ರಶ್ನೆಯ ದೆಸೆಯಿಂದ. ತುಳುವರ ಆಟಿ ತಿಂಗಳು ಮುಗಿದ ಮೇಲೆ ಮಣೆ ಕೆಳಗಿರಬಾರದು ಎಂಬುದು ಅಮ್ಮನ ಷರತ್ತು.

ಮೊದಲ ವಾರ

ಮಾದರಿಗೆ ಹಿಡಿದದ್ದು ಆಫ್ರಿಕನ್ ಹಾರ್ಸ್ ಸಿಕ್‌ನೆಸ್. ಕ್ಯುಲಿಕಾಯ್ಡಿಸ್ ಎಂಬ ಪುಟ್ಟ ನೊರಜು ಕಚ್ಚಿ ಹರಡುವ ರೋಗ; 1960ರಲ್ಲಿ ನಮ್ಮ ದೇಶಕ್ಕೂ ಬಂದಿತ್ತು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಒಂಡರ್‌ಸ್ಟೆಪೂರ್ಟ್‌ನಲ್ಲಿ ಅಲೆಕ್ಸಾಂಡರ್ ಎಂಬ ವಿಜ್ಞಾನಿ ಈ ವೈರಸ್ಸನ್ನು ಒಂದು ಇಲಿಯ ಮಿದುಳಿನಿಂದ ಇನ್ನೊಂದರ ಮಿದುಳಿಗೆ ದಾಟಿಸುತ್ತಲೇ ಹೋದರು. ಇಲಿಗೆ ಒಗ್ಗಿದಷ್ಟೂ ಅದಕ್ಕೆ ಕುದುರೆಯ ಮೈ ಮರೆತುಹೋಯಿತು. ಹತ್ತು ವರ್ಷ ದುಬಾಯಿಯಲ್ಲಿದ್ದು ಬಂದವನಿಗೆ ಅಡಿಕೆ ಮರ ಹತ್ತಲು ಕಾಲು ಬಾರದ ಹಾಗೆ.

ಮಣೆಯ ಹದಿನಾಲ್ಕು ಗುಳಿ ಅಂದರೆ ಹದಿನಾಲ್ಕು ಇಲಿ. ಕೆಂಪು ಮಂಜೊಟ್ಟಿ ಕಾಳು ಕುದುರೆಯನ್ನು ಕೊಲ್ಲುವ ವೈರಸ್. ಅಮ್ಮನ ಎಲೆಪೆಟ್ಟಿಗೆಯ ಸುಣ್ಣ ಬಳಿದ ಬಿಳಿ ಕಾಳು, ನಕಲಾಗುವಾಗ ತಪ್ಪಿ ಹುಟ್ಟಿ ಇಲಿಗೆ ಹೊಂದಿಕೊಂಡದ್ದು. ಇಲಿಯ ಗುಳಿಯಲ್ಲಿ ಕೆಂಪಿಗೆ ಒಂದು ಮರಿ, ಬಿಳಿಗೆ ಎರಡು. ಆಮೇಲೆ ಕಣ್ಣುಮುಚ್ಚಿ ನಾಲ್ಕು ಕಾಳು ಎತ್ತಿ ಮುಂದಿನ ಗುಳಿಗೆ.

ಮೂರು ಕೆಂಪು, ಒಂದು ಬಿಳಿ ಇಟ್ಟು ಶುರು ಮಾಡಿದೆವು. ಎರಡನೇ ಗುಳಿಯಲ್ಲೇ ಬಿಳಿ ಕೈತಪ್ಪಿತು. ಉಳಿದ ಹನ್ನೆರಡು ಗುಳಿ ಬರೀ ಕೆಂಪನ್ನೇ ಹೊತ್ತು ತಿರುಗಿದ್ದು, ದಂಡ. ನಾಲ್ಕು ಸಾಲದು ಎಂದು ಎಂಟಕ್ಕೆ ಏರಿಸಿದೆವು: ಏಳು ಕೆಂಪು, ಒಂದು ಬಿಳಿ. ಹನ್ನೊಂದನೇ ಗುಳಿಯಲ್ಲಿ ಕೆಂಪು ಪೂರ್ತಿ ಮಾಯ! ನಾವು ಯಾವುದನ್ನೂ ಆರಿಸಿರಲಿಲ್ಲ, ಆರಿಸಿದ್ದು ಗುಳಿಯೇ. ಇಷ್ಟು ಹೊತ್ತು ಬಾಯಲ್ಲಿ ಹೇಳಿ ಅವಳಿಗೆ ಮುಟ್ಟಿಸಲಾಗದ್ದು ಇದು.

ಎರಡನೇ ವಾರ

ಯಡವಟ್ಟಾಯಿತು. ಮಳೆಗಾಲದ ತೇವಕ್ಕೆ ಸುಣ್ಣ ಸರಿಯಾಗಿ ಒಣಗಿರಲಿಲ್ಲ. ಬಿಳಿಗಳನ್ನು ಗುಳಿಯಿಂದ ಎತ್ತುವಾಗ ಒಂದರ ಸುಣ್ಣ ಬೆರಳಿಗೆ ಮೆತ್ತಿ ಒಳಗಿನ ಕೆಂಪು ಇಣುಕಿತು. ನಾನು ಗೊಣಗುತ್ತಿದ್ದರೆ ಅವಳು, "ಮಾವಾ, ಇದು ಪುನಃ ರೋಗದ್ದಾಯಿತಲ್ಲ" ಎಂದಳು.

ಆಯಿತು! ಈ ಭಯ ನಿಜದ್ದೇ. ದಕ್ಷಿಣ ಆಫ್ರಿಕಾದ ವೆಸ್ಟರ್ನ್ ಕೇಪ್‌ನಲ್ಲಿ 2004, 2011, 2014ರಲ್ಲಿ ಎದ್ದ ರೋಗದ ಬೇರು ಹುಡುಕಿದಾಗ ಸಿಕ್ಕಿದ್ದು ಲಸಿಕೆಯ ವೈರಸ್ಸೇ. ನೊರಜುಗಳ ಮೂಲಕ ಕುದುರೆಯಿಂದ ಕುದುರೆಗೆ ಹೋಗುತ್ತ ಅದು ಕಳೆದುಕೊಂಡ ಬಲವನ್ನು ಮರಳಿ ಪಡೆದಿತ್ತು.

ಹಾಗಾಗಿ ಸುಣ್ಣ ಉದುರುವುದನ್ನೇ ನಿಯಮ ಮಾಡಿದೆವು. ಈಗ ಗುಳಿಗಳೆಲ್ಲ ಕುದುರೆ. ಕೆಂಪಿಗೆ ಎರಡು ಮರಿ, ಬಿಳಿಗೆ ಒಂದೇ. ಪ್ರತಿ ಗುಳಿಯಲ್ಲೂ ನಾಲ್ಕು ಕವಡೆ ಎಸೆಯುವುದು, ನಾಲ್ಕೂ ಬಾಯಿ ಮೇಲೆ ಬಿದ್ದರೆ ಒಂದು ಕಾಳಿನ ಸುಣ್ಣ ಕೆರೆಯುವುದು. ಐದನೇ ಗುಳಿಯಲ್ಲಿ ಬಿತ್ತು. ಹದಿನಾಲ್ಕನೆಯದಕ್ಕೆ ಮುಟ್ಟುವಾಗ ಎಂಟರಲ್ಲಿ ಏಳು ಕೆಂಪು. ನಿಜ ಹೇಳಬೇಕೆಂದರೆ ನನಗೇ ಸ್ವಲ್ಪ ಹೆದರಿಕೆಯಾಯಿತು.

ಮೂರನೇ ವಾರ

ಪರಿಹಾರ ತಂಗಿಯ ನೈಲ್ ಪಾಲಿಶ್ ಬಾಟ್ಲಿಯಲ್ಲಿತ್ತು. ಸುಣ್ಣದ ಮೇಲೆ ಇನ್ನೊಂದು ಕೋಟ್. ಅಂದರೆ ಎರಡು ಬದಲಾವಣೆ, ಎರಡೂ ಕಳಚಿದರೆ ಮಾತ್ರ ಕೆಂಪು. ಮೂರು ಸುತ್ತು, ನಲವತ್ತೆರಡು ಗುಳಿ ಆಡಿದೆವು, ಒಂದೂ ಕೆಂಪಾಗಲಿಲ್ಲ. ಒಮ್ಮೆ ಒಂದು ಕೋಟ್ ಹೋದ ಕಾಳು ಬಂದಿತ್ತು, ಮುಂದಿನ ಮುಷ್ಟಿಯಲ್ಲಿ ಹಿಂದೆಯೇ ಉಳಿಯಿತು.

ಟಿಸಿ-83 ಎಂಬ ಲಸಿಕೆಯ ಕಥೆ ಹೀಗೆಯೇ. ಅದು ವೆನೆಜುವೆಲಾದ ಕುದುರೆ ಮಿದುಳುರಿತಕ್ಕೆ. ಟ್ರಿನಿಡಾಡ್‌ನ ಕತ್ತೆಯೊಂದರಿಂದ ಸಿಕ್ಕಿದ ವೈರಸ್ಸನ್ನು ಗಿನಿಪಿಗ್ ಭ್ರೂಣದ ಹೃದಯದ ಕೋಶಗಳಲ್ಲಿ 83 ಸಲ ದಾಟಿಸಿದ್ದು. ಹೆಸರಿನಲ್ಲಿರುವ ಅಂಕೆ ಅದೇ. ನಮ್ಮ ಮಣೆಯಲ್ಲಾದರೆ ಆರು ಸುತ್ತಿಗೆ ಒಂದು ಗುಳಿ ಕಮ್ಮಿ. 1971ರಲ್ಲಿ ಟೆಕ್ಸಾಸಿಗೆ ರೋಗ ನುಗ್ಗಿದಾಗ ಕುದುರೆಗಳಿಗೆ ಚುಚ್ಚಿದ್ದು ಇದನ್ನೇ. ಅಷ್ಟು ದಾಟಿಸಿದರೂ ಅದರ ಸಾಧುತನ ನಿಂತಿರುವುದು ಮುಖ್ಯವಾಗಿ ಎರಡು ಬದಲಾವಣೆಗಳ ಮೇಲೆ, ಅಂದರೆ ನಮ್ಮ ಸುಣ್ಣ ಮತ್ತು ನೈಲ್ ಪಾಲಿಶ್. ಹಾಗಾದರೆ ಕೊಂದ ವೈರಸ್ಸೇ ಲೇಸಲ್ಲವೇ ಎಂದು ತಂಗಿ ಅಡುಗೆಮನೆಯಿಂದಲೇ ಕೇಳಿದಳು. ಇದೇ ರೋಗಕ್ಕೆ ಮೊದಲಿದ್ದದ್ದು ಫಾರ್ಮಲಿನ್ ಹಾಕಿ ಕೊಂದದ್ದೇ. ಅದರಲ್ಲಿ ಸರಿಯಾಗಿ ಸಾಯದೆ ಉಳಿದ ವೈರಸ್ಸಿನಿಂದಲೇ ಕೆಲವು ಕಡೆ ರೋಗ ಎದ್ದಿತೆಂಬ ಬಲವಾದ ಗುಮಾನಿ ಉಂಟು.

ಬಾಕಿ ಇರುವುದು

ಕುದುರೆಯ ಹರ್ಪಿಸ್‌ಗಾಗಿ ಹಂದಿಯ ಮೂತ್ರಪಿಂಡದ ಕೋಶಗಳಲ್ಲಿ 256 ಸಲ ದಾಟಿಸಿದ ರಾಕ್-ಎಚ್ ಎಂಬ ತಳಿಯೊಂದುಂಟು. ಹದಿನೆಂಟು ಸುತ್ತು, ಮೇಲೆ ನಾಲ್ಕು ಗುಳಿ. ಆಟಿ ಮುಗಿದು ಬರುವ ಸೋಣ ಸಂಕ್ರಮಣಕ್ಕೆ ಇನ್ನು ಐದೇ ದಿನ, ಆಗುವುದಿಲ್ಲ.

ಅದಕ್ಕಿಂತ ನಿನ್ನೆ ಅವಳೆತ್ತಿದ ತಕರಾರು ದೊಡ್ಡದು. "ಬಿಳಿ ಕಾಳು ಕುದುರೆಯ ಒಳಗೆ ಸ್ವಲ್ಪವೂ ಹೆಚ್ಚಾಗದಿದ್ದರೆ ಕುದುರೆಗೆ ಅದು ಬಂದದ್ದಾದರೂ ಗೊತ್ತಾಗುವುದು ಹೇಗೆ ಮಾವ?" ತೀರಾ ಬಡಕಲಾದ ವೈರಸ್ ರೋಗವನ್ನೂ ತರುವುದಿಲ್ಲ, ರಕ್ಷಣೆಯನ್ನೂ ಕಲಿಸುವುದಿಲ್ಲ. ನಮ್ಮ ಮಣೆಯಲ್ಲಿ ಕುದುರೆ ಬರೀ ಗುಳಿ, ಅದಕ್ಕೆ ನೆನಪೇ ಇಲ್ಲ. ಪ್ರತಿ ಗುಳಿಯ ಪಕ್ಕ ಎಂಟು ಹುಣಸೆಬೀಜ ಇಟ್ಟು, ಬಿಳಿ ಕಾಳು ಹೆಚ್ಚಾದಂತೆ ಒಂದೊಂದೇ ಬೀಜ ಮಗುಚುವ ನಿಯಮ ಬರೆದಿಟ್ಟಿದ್ದೇನೆ. ಎಷ್ಟು ಬೀಜ ಮಗುಚಿದರೆ ಸಾಕು ಎಂಬಲ್ಲಿ ಇಬ್ಬರಿಗೂ ಜಗಳ ನಡೆಯುತ್ತಿದೆ.