ಸಾಲು ತಪ್ಪಿದ ಅಜ್ಜ

ಹುಬ್ಬಳ್ಳಿಯ ಆಸ್ಪತ್ರೆಯೊಂದರ ಎಲುಬಿನ ವಾರ್ಡಿನಲ್ಲಿ ಸ್ಟಾಫ್ ನರ್ಸ್ ನಾನು. ಬ್ಯಾಡಗಿ ಕಡೆಯ ಅಜ್ಜ ಒಬ್ಬರಿಗೆ ತೊಡೆ ಎಲುಬಿನ ಆಪರೇಷನ್ ಆಗಿ ಎರಡನೇ ರಾತ್ರಿ. ಸಂಜೆತನಕ ಮಗನ ಜೊತೆ ಮೆಣಸಿನಕಾಯಿ ರೇಟು ಮಾತಾಡುತ್ತಿದ್ದವರು ಹನ್ನೊಂದರ ಹೊತ್ತಿಗೆ ಹೊದಿಕೆಯ ಅಂಚನ್ನು ಎರಡೂ ಕೈಲಿ ಹಗ್ಗದ ಹಾಗೆ ಹಿಡಿದು ಜಗ್ಗತೊಡಗಿದರು. "ಎತ್ತು ಬಿಚ್ಚ್ರೋ, ಮಳಿ ಬಂತು!" ನನ್ನನ್ನು ತಂಗಿ ಅಂತ ಕರೆದರು. ಬೆಳಗಿನ ಜಾವಕ್ಕೆ ಪೂರ್ತಿ ಸರಿ. ವಯಸ್ಸಾಗಿದೆ, ಮರೆವು ಇರಬೇಕು ಎಂದುಕೊಂಡು ರಿಪೋರ್ಟಿನಲ್ಲಿ ಒಂದೇ ಪದ ಬರೆದೆ: ಕನ್‌ಫ್ಯೂಸ್ಡ್.

ರೌಂಡ್ಸಿಗೆ ಬಂದ ಡಾಕ್ಟರ್ ಮೊದಲು ಮಗನನ್ನು ಕೇಳಿದರು, "ಮನ್ಯಾಗ ಹಿಂಗ ಮಾಡ್ತಿದ್ರೇನು?" ಇಲ್ಲವೇ ಇಲ್ಲ, ಬೀಳುವ ಹಿಂದಿನ ದಿನವೂ ಸೊಸೈಟಿ ಲೆಕ್ಕ ನೋಡಿದ್ದರಂತೆ. ನಾನು ಕೇಳಬೇಕಿದ್ದ ಪ್ರಶ್ನೆ ಅದು. ನನ್ನ ಪದದ ಕೆಳಗೆ ಅವರು 'ಡೆಲಿರಿಯಂ' (ಮೈಯ ಕಾಯಿಲೆಯಿಂದ ತಲೆ ಹಠಾತ್ತನೆ ಗೊಂದಲಕ್ಕೆ ಬೀಳುವುದು) ಎಂದು ಬರೆದು ರಕ್ತ, ಮೂತ್ರ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಸೋಡಿಯಂ ಇಳಿದಿತ್ತು, ಮೂತ್ರದಲ್ಲಿ ಸೋಂಕಿತ್ತು; ಎರಡೂ ಇಂಥ ಗೊಂದಲ ತರಬಲ್ಲವು. ಮರೆವಿನ ರೋಗ ಸಾಮಾನ್ಯವಾಗಿ ತಿಂಗಳು, ವರ್ಷಗಳಲ್ಲಿ ಬೆಳೆಯುತ್ತದೆ. ಡೆಲಿರಿಯಂ ಗಂಟೆಗಳಲ್ಲೋ ದಿನಗಳಲ್ಲೋ ಬರುತ್ತದೆ, ರಾತ್ರಿ ಏರುತ್ತದೆ, ನಡುನಡುವೆ ತಿಳಿಯಾಗುತ್ತದೆ. ಆ ತಿಳಿ ನೋಡಿಯೇ ನಾನು ಮೋಸಹೋದೆ.

ಪದದ ಮೂಲ ಹುಡುಕಿದಾಗ ಮೈ ಜುಂ ಎಂದಿತು. ಲ್ಯಾಟಿನ್‌ನಲ್ಲಿ 'ಲೀರಾ' ಎಂದರೆ ಉತ್ತ ಹೊಲದ ಸಾಲುಗಳ ನಡುವಿನ ಏರಿ. 'ಡೆಲಿರಾರೆ' ಎಂದರೆ ಸಾಲು ಬಿಟ್ಟು ಸರಿಯುವುದು. ರೋಮಿನ ಸೆಲ್ಸಸ್ 1ನೇ ಶತಮಾನದಲ್ಲೇ ಡೆಲಿರಿಯಂ ಪದವನ್ನು ತನ್ನ ವೈದ್ಯಗ್ರಂಥದಲ್ಲಿ ಬಳಸಿದ್ದ; ಇಂಗ್ಲಿಷಿಗೆ ಬಂದದ್ದು 16ನೇ ಶತಮಾನದ ಕೊನೆಗೆ. ನಮ್ಮ ಹಿರಿಯರು ಹೇಳುವ 'ಸನ್ನಿ' ಸನ್ನಿಪಾತದಿಂದ ಬಂದದ್ದು, ವಾತ ಪಿತ್ತ ಕಫ ಮೂರೂ ಒಟ್ಟಿಗೆ ಕೆರಳುವುದು. ಆ ಮಾತೂ ಕಾರಣವನ್ನು ಮೈಯೊಳಗೇ ಹುಡುಕುತ್ತದೆ.

ಮಗ ಅಷ್ಟರಲ್ಲಿ, ಗಾಳಿ ಸೋಕಿರಬೇಕೆಂದು ಊರಿಗೆ ಫೋನ್ ಮಾಡಿದ್ದ. "ಅಪ್ಪಗ ಹುಚ್ಚು ಹಿಡೀತೇನ್ರಿ ಸಿಸ್ಟರ್?"

"ಇಲ್ರಿ ಅಣ್ಣಾರ, ಸಾಲು ತಪ್ಪೈತಿ ಅಷ್ಟ. ಎತ್ತಿಗೆ ಆರಾಮಿಲ್ಲಂದ್ರ ರಂಟಿ ಸಾಲಿನ್ಯಾಗ ಹೋಕ್ಕೈತೇನು?"

ಅವನು ಬಹಳ ಹೊತ್ತು ಸುಮ್ಮನಿದ್ದು ಕೇಳಿದ, "ಈಗ ನಾ ಏನ್ ಮಾಡ್ಲಿ?" ಅಜ್ಜನ ಕನ್ನಡಕ ಚೀಲದಲ್ಲೇ ಉಳಿದಿತ್ತು. ತೆಗೆದು ಹಾಕಿಸಿದೆ. ರಾತ್ರಿ ಅವನನ್ನೇ ಪಕ್ಕದಲ್ಲಿ ಕೂರಿಸಿ, ಇದು ಹುಬ್ಬಳ್ಳಿ, ಇವತ್ತು ಗುರುವಾರ ಎಂದು ಆಗಾಗ ಹೇಳಲು ಹೇಳಿದೆ.

ಅಂದಿನ ನನ್ನ ರಿಪೋರ್ಟು: "ರಾತ್ರಿ 10ರಿಂದ ಹೊದಿಕೆ ಜಗ್ಗುತ್ತಿದ್ದಾರೆ. ಊರಿನ ಹೆಸರು ಸರಿ ಹೇಳಿದರು, ವಾರ ತಪ್ಪು. ಮಗನ ಗುರುತು ಹಿಡಿದರು. ಮನೆಯಲ್ಲಿ ಹೀಗಿರಲಿಲ್ಲ."