ಚಾಂಪಿಯನ್ ತಂಡ ಮ್ಯಾಟ್‌ಗೆ ಇಳಿಯಲ್ಲ ಅಂದಾಗ

ಹಾಸನದಲ್ಲಿ ಕಬಡ್ಡಿ ಹುಡುಗರನ್ನು ತಯಾರು ಮಾಡುವುದು ನನ್ನ ಕೆಲಸ. ಕೋಚ್ ಅನ್ನುವುದು ಹೆಸರಿಗೆ ಅಷ್ಟೇ. ಸೀಸನ್ ಶುರುವಾದರೆ ಎಂಟ್ರಿ ಫೀಸ್ ಕಟ್ಟುವುದು, ಟಿಟಿ ಗಾಡಿ ಗೊತ್ತು ಮಾಡುವುದು, ಊಟ ತಿಂಡಿ ನೋಡುವುದು, ಯಾರ ಮೊಣಕಾಲು ಊದಿದೆ ಅಂತ ವಿಚಾರಿಸುವುದು, ಎಲ್ಲ ನನ್ನ ತಲೆ ಮೇಲೇ. ಈ ಓಡಾಟದಲ್ಲಿ ರೈಡು, ಕ್ಯಾಚು ಬಿಟ್ಟು ಇನ್ನೊಂದು ವಿಷಯವನ್ನೂ ಕಲಿತೆ. ಒಬ್ಬ ಆಟಗಾರನಿಗೆ ಅವಮಾನ ಆದಾಗ ಉಳಿದವರು ಆಡಬೇಕಾ, ಆಟ ಬಿಡಬೇಕಾ? ಬಿಡುವುದಾದರೆ ಯಾರು ಬಿಡಬೇಕು?

ನಮ್ಮ ಕಡೆ ಜಾತ್ರೆ ಹೊತ್ತಿಗೆ ಹೊನಲು ಬೆಳಕಿನ ಕಬಡ್ಡಿ ಇರುತ್ತದೆ. ಪ್ರೊ ಕಬಡ್ಡಿ 2014ರಲ್ಲಿ ಶುರುವಾದ ಮೇಲೆ ಹಳ್ಳಿ ಟೂರ್ನಿಗಳಲ್ಲೂ ಕೆಲವು ಕಡೆ ಮ್ಯಾಟ್ ಹಾಸುತ್ತಾರೆ, ಸುತ್ತ ಫ್ಲೆಕ್ಸ್ ಕಟ್ಟುತ್ತಾರೆ. ಅಂಥ ಒಂದು ಊರಿಗೆ ತಂಡ ಕರೆದುಕೊಂಡು ಹೋಗಿದ್ದೆ. ಊರಿನ ಹೆಸರು ಬೇಡ. ಹೊರಗಿನಿಂದ ಬಂದ ಆಟಗಾರರನ್ನು ಇಬ್ಬಿಬ್ಬರಂತೆ ಮನೆಗಳಿಗೆ ಹಂಚಿ ಊಟ ಹಾಕುವುದು ಅಲ್ಲಿನ ರೂಢಿ. ಪ್ರೀತಿಯಿಂದಲೇ ಮಾಡುತ್ತಾರೆ, ಸುಳ್ಳು ಹೇಳಬಾರದು. ಎರಡನೇ ಮುದ್ದೆ ಹಾಕಿಸಿಕೊಳ್ಳದಿದ್ದರೆ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ.

ಹಂಚುವಾಗ ಕಮಿಟಿಯವನೊಬ್ಬ ಪಟ್ಟಿ ಹಿಡಿದುಕೊಂಡು, ‘ನೀವು ಯಾವ ಪೈಕಿ?’ ಅಂತ ಒಬ್ಬೊಬ್ಬರನ್ನೇ ಕೇಳುತ್ತಾ ಬಂದ. ನಮ್ಮ ಮೇನ್ ರೈಡರ್ ಸುಮ್ನೆ ತನ್ನ ಕೇರಿ ಹೆಸರು ಹೇಳಿದ. ‘ನಿಂಗೆ ಪಾರ್ಸಲ್ ತರಿಸ್ತೀವಿ ಕಣಪ್ಪ, ಸ್ಕೂಲ್ ಜಗಲೀಲೇ ಉಂಡ್ಬುಡು’ ಅಂದ ಆತ. ದನಿ ಏರಿಸಲಿಲ್ಲ, ಬೈಯಲಿಲ್ಲ. ಸ್ವಲ್ಪ ಹೊತ್ತಿಗೆ ಪೇಪರ್‌ನಲ್ಲಿ ಸುತ್ತಿ ದಾರ ಕಟ್ಟಿದ ಚಿತ್ರಾನ್ನದ ಪೊಟ್ಟಣ ಬಂತು. ಎಣ್ಣೆ ಪೇಪರಿಗೆಲ್ಲ ಇಳಿದಿತ್ತು. ಹುಡುಗ ದಾರ ಬಿಚ್ಚಲೇ ಇಲ್ಲ. ಮೊಣಕಾಲಿನ ಕ್ಯಾಪ್ ಎಳೆದುಕೊಳ್ಳುತ್ತಾ, ನಾನು ಬಾಯಿ ತೆರೆಯುವ ಮೊದಲೇ ಹೇಳಿದ: ‘ಸಾರ್, ಮ್ಯಾಚ್ ಬಿಡೋದು ಮಾತ್ರ ಬೇಡ. ನನ್ನಿಂದ ಟೀಮಿಗೆ ಪ್ರೈಜ್ ತಪ್ಪೋಯ್ತು ಅನ್ನೋ ಮಾತು ಬರೋದ್ ಬೇಡ.’

ಕಮಿಟಿಯವರ ಹತ್ತಿರ ಹೋಗಿ ಕೇಳಿದೆ. ‘ಮೇಷ್ಟ್ರೇ, ಊರಿನ ಪದ್ಧತಿ, ನಾವೇನ್ ಮಾಡಕಾಯ್ತದೆ? ಆಟದಲ್ಲಿ ಏನೂ ಭೇದ ಮಾಡಿಲ್ವಲ್ಲ’ ಅಂದರು.

ಈ ಮಾತು ನೂರು ವರ್ಷಕ್ಕಿಂತ ಹಳೆಯದು. ಧಾರವಾಡದಲ್ಲಿ ಹುಟ್ಟಿದ ಪಳವಂಕರ ಬಾಳೂ ತಮ್ಮ ಕಾಲದ ದೊಡ್ಡ ಕ್ರಿಕೆಟ್ ಸ್ಪಿನ್ನರ್. ದಲಿತರು. ಪುಣೆಯಲ್ಲಿ ಅವರ ಕೈಗೆ ಚೆಂಡು ಕೊಡುತ್ತಿದ್ದ ಜೊತೆ ಆಟಗಾರರೇ, ಟೀ ಹೊತ್ತಿಗೆ ಅವರನ್ನು ಪೆವಿಲಿಯನ್ ಹೊರಗೆ ಕೂರಿಸಿ ಮಣ್ಣಿನ ಲೋಟದಲ್ಲಿ ಟೀ ಕೊಡಿಸುತ್ತಿದ್ದರು. ಆಟದಲ್ಲಿ ಭೇದ ಇರಲಿಲ್ಲ, ನೋಡಿ! ಆಗ ಬಾಂಬೆಯ ದೊಡ್ಡ ಟೂರ್ನಿಯಲ್ಲಿ ಧರ್ಮದ ಲೆಕ್ಕದಲ್ಲಿ ತಂಡ ಕಟ್ಟುತ್ತಿದ್ದರು; ಅಷ್ಟು ವರ್ಷ ಆಡಿದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ವಿಠ್ಠಲ್ ಮತ್ತು ಶಿವರಾಂ ಪ್ರತಿಭಟಿಸಿ ತಂಡದಿಂದ ಹೊರಗೆ ಬಂದರು. 1923ರಲ್ಲಿ ವಿಠ್ಠಲ್ ನಾಯಕರಾದರು. ಬಹಿಷ್ಕಾರಕ್ಕೆ ಫಲ ಸಿಕ್ಕಿತು ಅನ್ನಬಹುದು. ಆದರೆ ನನಗೆ ಕಾಣುವುದು ಇನ್ನೊಂದು. ಆಟ ಬಿಟ್ಟವರು ಯಾರು? ಅನ್ಯಾಯ ಅನುಭವಿಸಿದ ಮನೆಯವರೇ. ಅವಮಾನವೂ ಅವರದೇ, ನಷ್ಟವೂ ಅವರದೇ.

ಇದರ ಇನ್ನೊಂದು ಮುಖ 2009ರ ಫೆಬ್ರವರಿಯಲ್ಲಿ ದುಬೈನಲ್ಲಿ ಕಾಣಿಸಿತು. ಇಸ್ರೇಲಿನ ಟೆನಿಸ್ ಆಟಗಾರ್ತಿ ಶಹರ್ ಪಿಯರ್‌ಗೆ ಟೂರ್ನಿ ಶುರುವಾಗುವ ಹೊತ್ತಿಗೆ ವೀಸಾ ಇಲ್ಲ ಅಂದರು. ಆಗಷ್ಟೇ ಗಾಜಾ ಯುದ್ಧ ಮುಗಿದಿತ್ತು, ಜನ ಸಿಟ್ಟಾಗುತ್ತಾರೆ ಅನ್ನುವುದು ಆಯೋಜಕರು ಕೊಟ್ಟ ಕಾರಣ. ಇಸ್ರೇಲ್ ಸರ್ಕಾರದ ಬಗ್ಗೆ ಯಾರಿಗೆ ಏನೇ ಅಭಿಪ್ರಾಯ ಇರಲಿ, ಆಕೆ ಬಂದಿದ್ದು ರ‍್ಯಾಂಕಿಂಗ್ ಮೇಲೆ. ಉಳಿದ ಆಟಗಾರ್ತಿಯರು ಆಡಿದರು. ತನ್ನಿಂದ ಬೇರೆಯವರಿಗೆ ತೊಂದರೆ ಆಗುವುದು ಪಿಯರ್‌ಗೂ ಬೇಕಿರಲಿಲ್ಲ ಅಂತ ಮಹಿಳಾ ಟೆನಿಸ್ ಸಂಘದ ಮುಖ್ಯಸ್ಥ ಲ್ಯಾರಿ ಸ್ಕಾಟ್ ಹೇಳಿದರು. ಇದನ್ನು ಓದಿದಾಗ ನನಗೆ ನಮ್ಮ ಹುಡುಗನ ಮಾತೇ ಕೇಳಿಸಿತು. ಅನ್ಯಾಯ ಆದವರನ್ನು ಕೇಳಿದರೆ ಬರುವ ಉತ್ತರ ಬಹುತೇಕ ಇದೇ. ‘ಅವನೇ ಬೇಡ ಅಂದ’ ಅಂತ ಅದನ್ನೇ ಹಿಡಿದುಕೊಂಡು ನಾವು ಕೈ ತೊಳೆದುಕೊಳ್ಳುತ್ತೇವೆ.

ಮುಂದಿನ ವಾರ ಅಲ್ಲೇ ಪುರುಷರ ಟೂರ್ನಿ. ಹಿಂದಿನ ವರ್ಷ ಗೆದ್ದಿದ್ದ ಆಂಡಿ ರಾಡಿಕ್ ನಾನು ಬರುವುದಿಲ್ಲ ಅಂದುಬಿಟ್ಟರು. ಪ್ರಶಸ್ತಿ ಉಳಿಸಿಕೊಳ್ಳುವ ಅವಕಾಶವನ್ನೇ ಬಿಟ್ಟರು. ವಾಲ್ ಸ್ಟ್ರೀಟ್ ಜರ್ನಲ್‌ನ ಯುರೋಪ್ ಆವೃತ್ತಿ ಪ್ರಾಯೋಜಕತ್ವ ಕೈಬಿಟ್ಟಿತು. ಅಮೆರಿಕದ ಟೆನಿಸ್ ಚಾನೆಲ್ ಪ್ರಸಾರ ಮಾಡಲ್ಲ ಅಂದಿತು. ನಾಲ್ಕೂ ಕಡೆಯಿಂದ ಒತ್ತಡ ಬೀಳುತ್ತಿದ್ದ ಹೊತ್ತಿಗೆ, ಪುರುಷರ ಟೂರ್ನಿ ಆಡಬೇಕಿದ್ದ ಇಸ್ರೇಲಿನ ಆಂಡಿ ರಾಮ್‌ಗೆ ವೀಸಾ ಸಿಕ್ಕಿತು. ಮಹಿಳಾ ಟೂರ್ನಿಗೆ 3 ಲಕ್ಷ ಡಾಲರ್ ದಂಡ ಬಿತ್ತು. ಮರುವರ್ಷ ಪಿಯರ್ ಅಲ್ಲಿಗೆ ಹೋಗಿ ಸೆಮಿಫೈನಲ್‌ವರೆಗೆ ಆಡಿದರು.

ವೀನಸ್ ವಿಲಿಯಮ್ಸ್ ಆಡಿ ಗೆದ್ದರಲ್ಲ, ಅವರನ್ನು ಬೈಯಬೇಕಾ? ನಾನಂತೂ ಬೈಯಲ್ಲ. ಬಹುಮಾನ ತೆಗೆದುಕೊಳ್ಳುವಾಗ ಅಲ್ಲೇ ನಿಂತು ಪಿಯರ್ ಹೆಸರು ಹೇಳಿದರು. ಆಡಿಯೂ ಬಾಯಿ ಮುಚ್ಚಿಕೊಳ್ಳದೆ ಇರುವುದು ಸುಲಭ ಅಲ್ಲ. ಆದರೂ ನನ್ನ ಲೆಕ್ಕದಲ್ಲಿ ರಾಡಿಕ್ ಮಾಡಿದ್ದೇ ಹೆಚ್ಚು. ಆಯೋಜಕರಿಗೆ ಯಾರು ಬೇಕೋ ಅವರೇ ಬರುವುದಿಲ್ಲ ಅಂದರೆ ಮಾತ್ರ ಬಿಸಿ ತಟ್ಟುತ್ತದೆ.

ಈಗ ಮತ್ತೆ ಆ ಊರಿನ ಟೂರ್ನಿಯ ವಿಷಯಕ್ಕೆ ಬರುತ್ತೇನೆ. ನಾನು ನಮ್ಮ ತಂಡ ವಾಪಸ್ ಕರೆದುಕೊಂಡು ಹೋಗುತ್ತೇನೆ ಅಂದಿದ್ದರೆ ಏನಾಗುತ್ತಿತ್ತು? ಎದುರಾಳಿಗೆ ವಾಕ್‌ಓವರ್, ಅಷ್ಟೇ. ಮೈಕ್‌ನಲ್ಲಿ ಒಂದು ಸಲ ಅನೌನ್ಸ್ ಮಾಡಿ ಮುಂದಿನ ಮ್ಯಾಚ್ ಶುರು ಮಾಡುತ್ತಿದ್ದರು. ಪಕ್ಕದ ಜಿಲ್ಲೆಯ ತಂಡದ ಕತೆ ಬೇರೆ. ಹಿಂದಿನ ವರ್ಷದ ಚಾಂಪಿಯನ್ನರು. ಊರ ಬಾಗಿಲಿನ ಫ್ಲೆಕ್ಸ್‌ನಲ್ಲಿ ಶಾಸಕರ ಪಕ್ಕ ಅವರ ಕ್ಯಾಪ್ಟನ್ ತೊಡೆ ತಟ್ಟುವ ಫೋಟೊ ಇತ್ತು. ವಿಷಯ ಅವರ ಕಿವಿಗೆ ಬಿತ್ತು. ಕ್ಯಾಪ್ಟನ್ ನೇರವಾಗಿ ಕಮಿಟಿ ಟೇಬಲ್ ಹತ್ತಿರ ಹೋಗಿ, ‘ಅಣ್ಣಾ, ಆ ಹುಡುಗ ಎಲ್ಲಿ ಉಣ್ತಾನೋ ನಮ್ಮ ಹನ್ನೆರಡು ಜನಾನೂ ಅಲ್ಲೇ. ಇಲ್ಲಾಂದ್ರೆ ನಾವು ಮ್ಯಾಟ್‌ಗೆ ಇಳಿಯಲ್ಲ’ ಅಂದ. ಆಗಲೇ ಜನ ಸೇರಲು ಶುರುವಾಗಿತ್ತು. ಊರಿನ ಪದ್ಧತಿ ಅಂದವರೇ ಮನೆಗಳಿಂದ ಪಾತ್ರೆ ಹೊರಿಸಿಕೊಂಡು ಬಂದು ಸ್ಕೂಲ್ ಮೈದಾನದಲ್ಲಿ ಎಲ್ಲರಿಗೂ ಒಂದೇ ಪಂಕ್ತಿ ಹಾಕಿದರು. ಕಮಿಟಿಯ ಒಂದಿಬ್ಬರು ಮುಖ ಊದಿಸಿಕೊಂಡು ಮನೆಗೆ ಹೋದರು. ಹೋಗಲಿ ಬಿಡಿ. ಸೆಮಿಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ್ದು ಅದೇ ಚಾಂಪಿಯನ್ ತಂಡ. ಕರುಣೆ ತೋರಿಸಲಿಲ್ಲ, ತೋರಿಸಲೂ ಬಾರದು.

ಕೇಸ್ ಯಾಕೆ ಹಾಕಲಿಲ್ಲ ಅಂತ ಕೆಲವರು ಕೇಳುತ್ತಾರೆ. ಸಂವಿಧಾನದ 17ನೇ ವಿಧಿ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಹುಡುಗನ ತಂದೆ ಜೊತೆ ಕೂತು ಮಾತಾಡಿದೆ. ಅವರು ಬೇಡ ಅಂದರು. ಅದು ಅವರಿಗೆ ಬಿಟ್ಟಿದ್ದು. ದೂರು ಕೊಟ್ಟರೆ ಕೋರ್ಟಿಗೆ ಅಲೆಯುವವರು ಅವರು. ಆಟ ಬಿಡುವ ನಿರ್ಧಾರ ಮಾತ್ರ ಅವರ ತಲೆಗೆ ಕಟ್ಟಬಾರದು. ಅದು ಉಳಿದವರದು.

ಮೇಲಿನವರು ತೀರ್ಮಾನ ಮಾಡಿ ಆಟಗಾರರು ಬೆಲೆ ತೆತ್ತಿದ್ದೂ ಉಂಟು. 1974ರಲ್ಲಿ ಭಾರತ ಟೆನಿಸ್‌ನ ಡೇವಿಸ್ ಕಪ್ ಫೈನಲ್‌ಗೆ ಬಂದಿತ್ತು. ಎದುರಿಗೆ ವರ್ಣಭೇದದ ದಕ್ಷಿಣ ಆಫ್ರಿಕಾ. ಆಡುವುದು ಬೇಡ ಅಂತ ಸರ್ಕಾರ ನಿಂತಿತು, ಕಪ್ ಅವರ ಪಾಲಾಯಿತು. ನಿಲುವು ಸರಿ, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೂ ವಿಜಯ್ ಅಮೃತರಾಜ್, ಆನಂದ್ ಅಮೃತರಾಜ್ ಅಷ್ಟು ಹತ್ತಿರ ಬಂದು ಕೈಬಿಟ್ಟ ಕಪ್ ಅದು. ಭಾರತ ಇವತ್ತಿಗೂ ಡೇವಿಸ್ ಕಪ್ ಗೆದ್ದಿಲ್ಲ.

ತಾನೇ ಯೋಚಿಸಿ ತಾನೇ ಕಳೆದುಕೊಂಡವರ ಪೈಕಿ ನನಗೆ ಉಕ್ರೇನಿನ ಚೆಸ್ ಆಟಗಾರ್ತಿ ಅನ್ನಾ ಮುಝಿಚುಕ್ ಮೇಲೆ ಗೌರವ ಜಾಸ್ತಿ. ರ‍್ಯಾಪಿಡ್, ಬ್ಲಿಟ್ಜ್ ಅನ್ನುವ ವೇಗದ ಚೆಸ್ ಎರಡರಲ್ಲೂ ಆಗ ವಿಶ್ವ ಚಾಂಪಿಯನ್. 2017ರಲ್ಲಿ ಸ್ಪರ್ಧೆ ಸೌದಿ ಅರೇಬಿಯಾದ ರಿಯಾದ್‌ಗೆ ಹೋಯಿತು. ಇಸ್ರೇಲಿನವರಿಗೆ ವೀಸಾ ಸಿಗಲಿಲ್ಲ. ಹೆಣ್ಣುಮಕ್ಕಳ ಬಟ್ಟೆ, ಓಡಾಟದ ಮೇಲಿನ ಕಟ್ಟುಪಾಡು ಒಪ್ಪದ ಮುಝಿಚುಕ್ ಹೋಗಲೇ ಇಲ್ಲ. ಎರಡೂ ಪಟ್ಟ ಹೋಯಿತು. ಅದೇ ರಿಯಾದ್‌ನಲ್ಲಿ ನಮ್ಮ ವಿಶ್ವನಾಥನ್ ಆನಂದ್ ರ‍್ಯಾಪಿಡ್ ಗೆದ್ದರು, ನಾವೆಲ್ಲ ಖುಷಿಪಟ್ಟೆವು. ನಾನೂ ಪಟ್ಟೆ.

ಹಾಗಂತ ಬರೀ ಬೇರೆ ದೇಶದವರನ್ನೇ ಅನ್ನುವ ಹಾಗಿಲ್ಲ. ಎಲ್ಲರ ಮನೆ ದೋಸೆನೂ ತೂತೇ. 2018ರಲ್ಲಿ ದೆಹಲಿಯ ಮಹಿಳಾ ವಿಶ್ವ ಬಾಕ್ಸಿಂಗ್‌ಗೆ ಕೊಸೊವೊದ ಆಟಗಾರ್ತಿಗೆ ನಾವು ವೀಸಾ ಕೊಡಲಿಲ್ಲ. 2019ರಲ್ಲಿ ಪುಲ್ವಾಮಾ ದಾಳಿ ಆದ ಮೇಲೆ ದೆಹಲಿ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಶೂಟರ್‌ಗಳಿಗೂ ಕೊಡಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಅವರು ಆಡಬೇಕಿದ್ದ ವಿಭಾಗದ ಒಲಿಂಪಿಕ್ ಕೋಟಾ, ಅಂದರೆ ಗೆದ್ದವರಿಗೆ ಸಿಗಬೇಕಿದ್ದ ಒಲಿಂಪಿಕ್ ಅರ್ಹತೆ, ತೆಗೆದುಹಾಕಿತು. ದುಬೈಗೆ ಒಂದು ನ್ಯಾಯ, ನಮಗೆ ಒಂದು ನ್ಯಾಯ ಆಗುತ್ತಾ?

ಈಗ ನಾನು ಎಂಟ್ರಿ ಫೀಸ್ ಕಳಿಸುವ ಮುಂಚೆ ಫೋನ್‌ನಲ್ಲೇ ಕೇಳುತ್ತೇನೆ: ಊಟ ಎಲ್ಲಿ, ಎಲ್ಲರಿಗೂ ಒಂದೇ ಕಡೆ ತಾನೇ? ಕೆಲವರು ನಗುತ್ತಾರೆ, ಕೆಲವರು ‘ಆಮೇಲೆ ಹೇಳ್ತೀವಿ’ ಅಂತ ಇಡುತ್ತಾರೆ. ಆಮೇಲೆ ಹೇಳುವವರ ಕಡೆ ಹೋಗುವುದಿಲ್ಲ. ಹುಡುಗರು ಗೊಣಗುತ್ತಾರೆ, ಬಹುಮಾನದ ದುಡ್ಡಿನ ಮೇಲೆ ಮನೆ ನಡೆಸುವವರೂ ಇದ್ದಾರೆ, ಅವರ ಗೊಣಗಾಟ ತಪ್ಪಲ್ಲ. ಕೋಚ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮಾತಾಗಿದೆ. ಎಲ್ಲಾದರೂ ಇಂಥದ್ದು ಕಂಡರೆ ಮೊದಲು ದನಿ ಎತ್ತಬೇಕಾದ್ದು ಫ್ಲೆಕ್ಸ್‌ನಲ್ಲಿ ಫೋಟೊ ಇರುವ ತಂಡ, ಅದೂ ಮೊದಲ ಮ್ಯಾಚಿಗೆ ಮುಂಚೆ. ಸೋತ ಮೇಲೆ ಬಹಿಷ್ಕಾರ ಅಂದರೆ ಯಾರೂ ನಂಬುವುದಿಲ್ಲ. ಆ ಊರಿನವರು ಮರುವರ್ಷ ನಮ್ಮನ್ನು ಕರೆಯಲಿಲ್ಲ. ಚಾಂಪಿಯನ್ನರನ್ನು ಕರೆದರು. ಅವರು ಊಟದ ವಿಷಯ ಕೇಳಿಕೊಂಡೇ ಹೋದರಂತೆ.