ಬ್ಯಾಟರಿ ಗನ್ನಿಗೆ ಎಣ್ಣೆ ಬೇಡ, ಕಾಕಾ

ಗಾಳಿಯ ಒತ್ತಡದಿಂದ ಮೊಳೆ ಹೊಡೆಯುವ ಕಂಪ್ರೆಸರ್ ಗನ್ನಿನಲ್ಲಿ ಕೈ ಪಳಗಿದ ಬಡಿಗೇರರಿಗೆ ಒಂದು ರೂಢಿ ಇರುತ್ತದೆ. ಬೆಳಿಗ್ಗೆ ಕೆಲಸ ಹಿಡಿಯುವ ಮೊದಲು ಗಾಳಿಯ ಪೈಪು ಸಿಕ್ಕಿಸುವ ಬಾಯಿಗೆ ಎರಡು ಮೂರು ಹನಿ ಎಣ್ಣೆ ಬಿಡುತ್ತಾರೆ. ಒಳ್ಳೆಯ ರೂಢಿಯೇ. ಒಳಗಿನ ರಬ್ಬರ್ ಉಂಗುರಗಳು ಒಣಗಿದರೆ ಗಾಳಿ ಸೋರುತ್ತದೆ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ತಕರಾರು ಬರುವುದು ಅದೇ ಕೈ ಬ್ಯಾಟರಿ ಗನ್ನನ್ನು ಎತ್ತಿಕೊಂಡಾಗ. ಅದಕ್ಕೆ ಗಾಳಿಯ ಬಾಯಿಯೇ ಇಲ್ಲ. ಆದರೂ ರೂಢಿ ಬಿಡಬೇಕಲ್ಲ! ಮೊಳೆ ಹೊರಬರುವ ಮೂತಿಯ ಸೀಳಿನಲ್ಲೇ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತಾರೆ.

ಗೋಕುಲ ರಸ್ತೆಯ ಬದಿಯಲ್ಲಿರುವ ನಮ್ಮದು ಮೂಲತಃ ಮೋಟಾರ್ ವೈಂಡಿಂಗ್ ಅಂಗಡಿ. ಅಪ್ಪ ಕುಂದಗೋಳ, ನವಲಗುಂದ ಕಡೆಯ ಪಂಪ್‌ಸೆಟ್ ಮೋಟಾರುಗಳನ್ನು ಕಟ್ಟುತ್ತಿದ್ದರು. ಈಗಲೂ ಅವು ಬರುತ್ತವೆ, ಆದರೆ ನನ್ನ ಟೇಬಲ್ಲಿನ ಮುಕ್ಕಾಲು ಭಾಗವನ್ನು ಡ್ರಿಲ್, ಗ್ರೈಂಡರ್ ಮತ್ತು ಮೊಳೆ ಗನ್ನುಗಳು ಹಿಡಿದಿವೆ. ಹುಬ್ಬಳ್ಳಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಒಳಗೆಲ್ಲ ವಾರ್ಡ್‌ರೋಬ್, ಟಿವಿ ಗೋಡೆ, ಬೀಡಿಂಗ್ ಪಟ್ಟಿ. ಲಿಫ್ಟ್ ಇನ್ನೂ ಬಂದಿರದ ಕಟ್ಟಡದ ನಾಲ್ಕನೇ ಮಹಡಿಗೆ ಕಂಪ್ರೆಸರ್ ಹೊರುವುದಕ್ಕಿಂತ ಬ್ಯಾಟರಿ ಗನ್ ಹಿಡಿದು ಹೋಗುವುದು ಯಾರಿಗಾದರೂ ಹಿತವೇ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ.

ಕಳೆದ ತಿಂಗಳು ಹಿರಿಯ ಬಡಿಗೇರರೊಬ್ಬರು ಬಂದಿದ್ದರು. ಗನ್ನನ್ನು ಟೇಬಲ್ಲಿನ ಮೇಲಿಟ್ಟು, "ಮೊಳೆ ಅರ್ಧಕ್ಕೇ ನಿಲ್ಲುತ್ತದೆ ನೋಡವ್ವಾ. ದಿನಾ ತಪ್ಪದೆ ಎಣ್ಣೆ ಹಾಕುತ್ತೇನೆ, ಆದರೂ ಹೀಗೆ" ಎಂದರು.

"ಹಾಕುವುದಕ್ಕೇ ಹೀಗೆ, ಕಾಕಾ" ಎಂದೆ. ಅವರಿಗೆ ಅದು ಹಿಡಿಸಲಿಲ್ಲ. ನಲವತ್ತು ವರ್ಷ ಉಳಿ ಹಿಡಿದವರಿಗೆ ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ, ಬಿಚ್ಚಿ ತೋರಿಸಬೇಕು.

ಅವರದು ಫ್ಲೈವೀಲ್ ಗನ್. ಮೂತಿಯನ್ನು ಕಟ್ಟಿಗೆಗೆ ಒತ್ತಿದ ಕೂಡಲೇ ಒಳಗಿನ ಮೋಟಾರ್ ಒಂದು ಭಾರದ ಉಕ್ಕಿನ ಚಕ್ರವನ್ನು ಗಿರ್ರನೆ ತಿರುಗಿಸತೊಡಗುತ್ತದೆ. ಟ್ರಿಗರ್ ಎಳೆದಾಗ ಸೊಲೆನಾಯ್ಡ್, ಅಂದರೆ ಕರೆಂಟು ಹರಿದಾಗ ಅಯಸ್ಕಾಂತವಾಗುವ ತಂತಿಯ ಸುರುಳಿ, ಕೆಲಸ ಮಾಡಿ, ಮೊಳೆ ಹೊಡೆಯುವ ಉಕ್ಕಿನ ಪಟ್ಟಿಯನ್ನು, ಅಂದರೆ ಡ್ರೈವರ್ ಬ್ಲೇಡನ್ನು, ಆ ಚಕ್ರಕ್ಕೆ ಒತ್ತಿ ಹಿಡಿಯುತ್ತದೆ. ಚಕ್ರ ಅದನ್ನು ಉಜ್ಜಿ ಮುಂದಕ್ಕೆ ಎಸೆಯುತ್ತದೆ. ಹೊಡೆತ ಮುಗಿದ ಮೇಲೆ ಸ್ಪ್ರಿಂಗು ಅದನ್ನು ಹಿಂದಕ್ಕೆ ಎಳೆಯುತ್ತದೆ. ಇಡೀ ಶಕ್ತಿ ಇರುವುದು ಆ ಉಜ್ಜುವಿಕೆಯಲ್ಲಿ. ಅಲ್ಲಿ ಎಣ್ಣೆ ಬಿದ್ದರೆ ಬ್ಲೇಡ್ ಜಾರುತ್ತದೆ, ಮೋಟಾರ್ ಎಷ್ಟೇ ಜೋರಾಗಿ ತಿರುಗಿದರೂ ಮೊಳೆಯ ತಲೆ ಕಟ್ಟಿಗೆಯ ಮೇಲೆಯೇ ಉಳಿಯುತ್ತದೆ.

ಬ್ಯಾಟರಿ ತೆಗೆದೆ, ಮ್ಯಾಗಜೀನಿನ ಮೊಳೆ ತೆಗೆದೆ. ಇವೆರಡನ್ನೂ ತೆಗೆಯದೆ ಮೂತಿಗೆ ಬೆರಳು ತಾಗಿಸುವವರನ್ನು ನಾನು ಅಂಗಡಿಯೊಳಗೆ ನಿಲ್ಲಿಸಿಕೊಳ್ಳುವುದಿಲ್ಲ. ಮೇಲಿನ ಮುಚ್ಚಳ ಬಿಚ್ಚಿದಾಗ ಚಕ್ರದ ಸುತ್ತ ಕಪ್ಪು ಮುದ್ದೆ. ಕಟ್ಟಿಗೆಯ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಯ ಹಿಟ್ಟಿನಂಥ ಧೂಳು, ಉಕ್ಕಿನ ಸವೆತ, ಎಣ್ಣೆ ಎಲ್ಲ ಸೇರಿ, ಗುರೆಳ್ಳು ಚಟ್ನಿಗೆ ಎಣ್ಣೆ ಕಲಸಿದ ಹಾಗೆ ಕೂತಿತ್ತು. ಕಾಕಾ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಬೆರಳಿನಿಂದ ಸ್ವಲ್ಪ ತೆಗೆದು, ಹೆಬ್ಬೆರಳಿನ ಜೊತೆ ಉಜ್ಜಿ, ಮೂಸಿದರು. ಅದು ತಮ್ಮದೇ ಎಣ್ಣೆ ಎಂದು ಗೊತ್ತಾಯಿತು. ಏನೂ ಹೇಳಲಿಲ್ಲ, ಸ್ಟೂಲ್ ಎಳೆದುಕೊಂಡು ಕೂತರು.

ಇದನ್ನು ಒರೆಸಲು ಪೆಟ್ರೋಲ್ ಬೇಡ, ಸೀಮೆಎಣ್ಣೆಯಂತೂ ಬೇಡವೇ ಬೇಡ. ಪೆಟ್ರೋಲ್ ಬ್ಲೇಡಿನ ಹೊಡೆತ ತಾಳುವ ರಬ್ಬರ್ ಬಂಪರನ್ನು ಕೆಡಿಸುತ್ತದೆ, ಸೀಮೆಎಣ್ಣೆ ತಾನೇ ಒಂದು ಎಣ್ಣೆಯ ಪದರ ಬಿಟ್ಟುಹೋಗುತ್ತದೆ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ನೂಲು ಬಿಡದ ಬಟ್ಟೆಗೆ ಹಚ್ಚಿ, ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತ ಒರೆಸಬೇಕು. ಬಟ್ಟೆ ಬಿಳಿಯಾಗಿಯೇ ಹೊರಬರುವ ತನಕ ಬಟ್ಟೆ ಬದಲಾಯಿಸುತ್ತಿರಬೇಕು. ಬ್ಲೇಡಿನ ಬದಿಯಲ್ಲಿ ನೀಲಿ ಛಾಯೆ ಕಂಡರೆ, ಅದು ಜಾರಿ ಜಾರಿ ಕಾದದ್ದರ ಗುರುತು. ಗೀರು ಆಳವಾಗಿದ್ದರೆ ಬ್ಲೇಡ್ ಬದಲಿಸಲೇಬೇಕು. ಕಾಕಾನ ಬ್ಲೇಡ್ ಉಳಿದಿತ್ತು.

ಹಾಗಂತ ಎಲ್ಲ ಬ್ಯಾಟರಿ ಗನ್ನೂ ಫ್ಲೈವೀಲ್ ಅಲ್ಲ. ಮುಚ್ಚಿದ ಸಿಲಿಂಡರಿನಲ್ಲಿ ನೈಟ್ರೊಜನ್ ತುಂಬಿರುವವು ಇವೆ. ಮೋಟಾರ್ ಹಲ್ಲಿನ ಚಕ್ರದಿಂದ ಪಿಸ್ಟನ್ನನ್ನು ಎಳೆದು ಅನಿಲವನ್ನು ಒತ್ತುತ್ತದೆ, ಬಿಟ್ಟಾಗ ಅನಿಲ ಪಿಸ್ಟನ್ನನ್ನು ದಬ್ಬುತ್ತದೆ. ಇವುಗಳ ಸಿಲಿಂಡರನ್ನು ನಾನು ಬಿಚ್ಚುವುದಿಲ್ಲ, ನೀವೂ ಬಿಚ್ಚಬೇಡಿ. ಬ್ಯಾಟರಿ ತೆಗೆದರೂ ಒತ್ತಡ ಒಳಗೇ ಇರುತ್ತದೆ, ಸ್ಕ್ರೂ ಸಡಿಲಾದಾಗ ಬ್ಲೇಡ್ ಹಾರಬಹುದು. ಹೊಡೆತ ದಿನದಿಂದ ದಿನಕ್ಕೆ ಸಣ್ಣದಾಗುತ್ತ ಹೋಗುತ್ತಿದ್ದರೆ ಅನಿಲ ಸೋರಿದೆ ಎಂದು ಅನುಮಾನಿಸಿ ಕಂಪನಿಯ ಸರ್ವಿಸ್ ಕೇಂದ್ರಕ್ಕೆ ಕಳಿಸುವುದೇ ದಾರಿ. ಇನ್ನು ಫಾಲ್ಸ್ ಸೀಲಿಂಗಿನವರು ಕಾಂಕ್ರೀಟಿಗೆ ಬಳಸುವ ಗ್ಯಾಸ್ ಗನ್, ಡಬ್ಬಿಯ ಗ್ಯಾಸಿಗೆ ಕಿಡಿ ತಾಗಿಸಿ ಆ ಸ್ಫೋಟದಿಂದ ಮೊಳೆ ಹೊಡೆಯುವಂಥದು. ಈ ಜಾತಿ ಹಳೆಯದು, ಅಮೆರಿಕದ ಪ್ಯಾಸ್ಲೋಡ್ 1986ರಲ್ಲೇ ಬ್ಯಾಟರಿ ಮತ್ತು ಗ್ಯಾಸ್ ಸೇರಿಸಿದ ಗನ್ ತಂದಿತ್ತು. ಅದರಲ್ಲಿ ಫ್ಯಾನು ತಿರುಗುತ್ತಿದೆಯೇ, ಕಿಡಿ ಚಟ್ ಎನ್ನುತ್ತಿದೆಯೇ, ಗಾಳಿಯ ಫಿಲ್ಟರ್ ಕಟ್ಟಿದೆಯೇ ಎಂದು ನೋಡಿದರೆ ಹೆಚ್ಚಿನ ಉತ್ತರ ಸಿಗುತ್ತದೆ. ಗ್ಯಾಸ್ ಡಬ್ಬಿಯ ಮೇಲಿನ ದಿನಾಂಕವನ್ನೂ ಓದಿ.

ಬ್ಯಾಟರಿಯ ವಿಷಯ ಮಾತ್ರ ಇಷ್ಟರಲ್ಲಿ ಮುಗಿಯುವುದಿಲ್ಲ. ಪೆಟ್ಟಿಗೆಯ ಮೇಲೆ 18 ವೋಲ್ಟ್ ಎಂದಿರಲಿ, 20 ಎಂದಿರಲಿ, 21 ಎಂದಿರಲಿ, ಒಳಗೆ ಸಾಲಾಗಿ ಕೂತಿರುವುದು ಅದೇ ಐದು ಲಿಥಿಯಂ ಸೆಲ್. ಒಂದೊಂದು 3.6 ವೋಲ್ಟ್ ಎಂದು ಲೆಕ್ಕ ಹಾಕಿದರೆ 18. ತುಂಬಿ ಚಾರ್ಜ್ ಆದಾಗ ಒಂದೊಂದು 4.2 ತಲುಪುತ್ತದೆ, ಆಗ 21. ದೊಡ್ಡ ಸಂಖ್ಯೆ ನೋಡಿ ಹೆಚ್ಚು ಹಣ ಕೊಟ್ಟವರಿಗೆ ಇದನ್ನು ಹೇಳುವುದು ನನಗೆ ಬೇಸರದ ಕೆಲಸ.

"ಮೀಟರ್ ಹಚ್ಚಿ ನೋಡಿದ್ದೇವೆ ಅಕ್ಕಾ, 20 ತೋರಿಸುತ್ತದೆ" ಎಂದು ಹುಡುಗರು ವಾದಕ್ಕೆ ನಿಲ್ಲುತ್ತಾರೆ. ಸುಮ್ಮನೆ ಕೂತ ಬ್ಯಾಟರಿ 20 ತೋರಿಸಿದರೆ ಏನಾಯಿತು? ಚಕ್ರ ವೇಗ ಹಿಡಿಯುವ ಕ್ಷಣದಲ್ಲಿ ಅದು ಎಷ್ಟಕ್ಕೆ ಇಳಿಯುತ್ತದೆ ಎನ್ನುವುದು ಮುಖ್ಯ. ನಾನು ಕಾರಿನ 12 ವೋಲ್ಟಿನ, 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಎರಡನ್ನು ಸಾಲಾಗಿ ಜೋಡಿಸಿ ಇಟ್ಟಿದ್ದೇನೆ. ಬ್ಯಾಟರಿಯನ್ನು ಅದಕ್ಕೆ ಕೊಟ್ಟರೆ ಸುಮಾರು ನಾಲ್ಕು ಆಂಪಿಯರ್ ಎಳೆಯುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಐದೂ ಸೆಲ್ಲುಗಳನ್ನು ಬಿಡಿಬಿಡಿಯಾಗಿ ಅಳೆಯುತ್ತೇನೆ. ನಾಲ್ಕು ಸೆಲ್ 3.8ರ ಹತ್ತಿರ ನಿಂತು ಒಂದು ಮಾತ್ರ 3ಕ್ಕೆ ಕುಸಿದರೆ ಅಲ್ಲಿಯೇ ರೋಗ. ಅದೊಂದನ್ನೇ ಬದಲಿಸಿ ಕೊಡಿ ಎಂದು ಕೇಳುವವರಿಗೆ ಇಲ್ಲ ಎನ್ನುತ್ತೇನೆ. ಹಳೆಯ ನಾಲ್ಕರ ನಡುವೆ ಹೊಸದೊಂದು ಕೂತರೆ ಮತ್ತೆ ಹೊಂದಾಣಿಕೆ ತಪ್ಪುತ್ತದೆ. ಹಾಕುವುದಾದರೆ ಒಂದೇ ಬಗೆಯ ಹೊಸ ಸೆಲ್ಲುಗಳನ್ನು ಪೂರ್ತಿ ಹಾಕಬೇಕು, ಅದೂ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ ಮಾಡಿ. ಬೆಸುಗೆ ಕಡ್ಡಿಯ ಕಾವನ್ನು ಸೆಲ್ ತಡೆಯುವುದಿಲ್ಲ. ಏಪ್ರಿಲ್ ತಿಂಗಳಲ್ಲಿ ಗೂಡ್ಸ್ ಗಾಡಿಯ ಗಾಜಿನ ಹಿಂದೆ ಬ್ಯಾಟರಿ ಇಟ್ಟು ಮಧ್ಯಾಹ್ನದ ಊಟಕ್ಕೆ ಹೋಗುವವರ ಬ್ಯಾಟರಿಗಳು ನನ್ನ ಕಾಯಂ ಗಿರಾಕಿಗಳು.

ಮೊಳೆಯ ತಪ್ಪೂ ಕಡಿಮೆ ಇಲ್ಲ. ಎಫ್-30 ಎಂದು ಮಾರುವ 18 ಗೇಜಿನ ಮೊಳೆಯ ಮೈ ಸುಮಾರು 1.25 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ದಪ್ಪ. ಪ್ಲೈವುಡ್ಡಿಗೆ, ಸಾಗವಾನಿ ಪಟ್ಟಿಗೆ ಅದು ಸರಿ. ಜಾಲಿ ಕಟ್ಟಿಗೆಗೆ ಹೊಡೆಯಲು ಹೋದರೆ ಮಡಚುತ್ತದೆ, ಅದಕ್ಕೆ ಗನ್ನನ್ನು ಬಯ್ದು ಪ್ರಯೋಜನವಿಲ್ಲ. ಮಳೆಗಾಲದಲ್ಲಿ ತುಕ್ಕು ಹಿಡಿದ, ಅಂಟು ಬಿಟ್ಟ ಮೊಳೆ ಪಟ್ಟಿಗಳು ಮ್ಯಾಗಜೀನಿನಲ್ಲಿ ಮುರಿದು ತುಂಡುಗಳು ಮೂತಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಬ್ಲೇಡಿನ ತುದಿ ದುಂಡಗಾಗಿದ್ದರೆ ಸಣ್ಣ ಅರದಿಂದ ತುಸುವೇ ಚೌಕ ಮಾಡಬಹುದು. ಗ್ರೈಂಡರಿಗೆ ಹಿಡಿದರೆ ಉಕ್ಕಿನ ಹದ ಹೋಗುತ್ತದೆ.

ಇನ್ನೊಂದು ಬಗೆಯ ರಿಪೇರಿಗೆ ನಾನು ಚಹಾ ಬಿಟ್ಟು ಏನೂ ತೆಗೆದುಕೊಳ್ಳುವುದಿಲ್ಲ. "ಒಮ್ಮೆಲೇ ಬಂದ್ ಆಯಿತು, ಸತ್ತೇ ಹೋಗಿದೆ" ಎಂದು ತರುತ್ತಾರೆ. ಮ್ಯಾಗಜೀನ್ ಎಳೆದರೆ ಒಳಗೆ ಕೆಲವೇ ಮೊಳೆ. ಖಾಲಿ ಹೊಡೆತದಿಂದ ಬ್ಲೇಡ್ ಕೆಡದಿರಲಿ ಎಂದು, ಮೊಳೆ ತೀರುತ್ತ ಬಂದಾಗ ಹಲವು ಗನ್ನುಗಳಲ್ಲಿ ಮೂತಿ ಒಳಗೆ ಹೋಗದಂತೆ ತಡೆ ಬೀಳುತ್ತದೆ. ಹೊಸ ಪಟ್ಟಿ ಹಾಕಿದರೆ ಎದ್ದು ಕೂರುತ್ತದೆ.

ದಯವಿಟ್ಟು ಬರಿಯ ಗನ್ ತರಬೇಡಿ. ಗದಗದಿಂದ ಬಸ್ಸು ಹತ್ತಿ ಗನ್ ಒಂದನ್ನೇ ಚೀಲದಲ್ಲಿ ಹಾಕಿಕೊಂಡು ಬಂದವರಿದ್ದಾರೆ. ನನ್ನ ಬ್ಯಾಟರಿ, ನನ್ನ ಮೊಳೆ ಹಾಕಿದರೆ ಅದು ಠಕಠಕನೆ ಹೊಡೆಯಿತು. ಅವರು ಸಂತೋಷದಿಂದ ಹೋದರು, ಮರುದಿನ ಬೆಳಿಗ್ಗೆಯೇ ಫೋನ್ ಮಾಡಿದರು. ದೋಷ ಗದಗದಲ್ಲೇ, ಚಾರ್ಜರಿನ ಮೇಲೆ ಕೂತಿತ್ತು. ನೀವು ಬಳಸುವ ಬ್ಯಾಟರಿ, ಅದರ ಚಾರ್ಜರ್, ಅದೇ ಪೊಟ್ಟಣದ ಒಂದು ಪಟ್ಟಿ ಮೊಳೆ, ಸಾಧ್ಯವಾದರೆ ನೀವು ಹೊಡೆಯುತ್ತಿದ್ದ ಕಟ್ಟಿಗೆಯ ಒಂದು ತುಂಡು, ಇಷ್ಟನ್ನು ಜೊತೆಗೆ ತನ್ನಿ. ರವಿವಾರ ಅಂಗಡಿ ಬಂದ್ ಇರುತ್ತದೆ.